ಹ್ಯಾನಾಳಿಂದ ಶುರುವಾದ ವಂಶ

ಮೊನ್ನೆ ನನ್ನ ಹೆಂಡತಿ ಅಂಟಿನ ಉಂಡಿಗೆಂದು ಪೆಕಾನ್ ಬೀಜ ಹುರಿಯುತ್ತಿದ್ದಳು. ಟೆಕ್ಸಸ್ಸಿಗೆ ಬಂದ ಹೊಸದರಲ್ಲಿ ಅದನ್ನು ಅಕ್ರೋಟಿನ ಬಡ ತಮ್ಮ ಎಂದು ಮೂದಲಿಸುತ್ತಿದ್ದವಳೇ ಅವಳು. ಆ ಕಂಪು ಮೂಗಿಗೆ ಬಿದ್ದದ್ದೇ ತಡ, ಹ್ಯೂಸ್ಟನ್ನಿನ ಒಂದು ಹಿತ್ತಲು ಕಣ್ಣ ಮುಂದೆ ಬಂದು ನಿಂತಿತು. ಹೇಳುತ್ತೇನೆ, ಕೂತುಕೊಳ್ಳಿ. ನಿವೃತ್ತ ಡಾಕ್ಟರನಿಗೆ ಕೇಳುವವರು ಸಿಗುವುದು ಅಪರೂಪ.

ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿ ನಮ್ಮ ಪಕ್ಕದ ಮನೆಯವಳು ಡೊರೊತಿ. ಶಾಲೆಯಲ್ಲಿ ಭೂಗೋಳ ಕಲಿಸಿದಾಕೆ. ಗಂಡ ತೀರಿಕೊಂಡ ಮೇಲೆ ತನ್ನ ವಂಶದ ಮೂಲ ಹುಡುಕಲು ಹೊರಟಳು. ಡಲ್ಲಾಸಿನ ದೊಡ್ಡ ಗ್ರಂಥಾಲಯಕ್ಕೆ ಹೋಗಿ ವಾರಗಟ್ಟಲೆ ಅಲ್ಲೇ ಇದ್ದು ಬರುತ್ತಿದ್ದಳು. ಹೊಸ ಪೂರ್ವಜನೊಬ್ಬ ಸಿಕ್ಕಾಗಲೆಲ್ಲ ಬೇಲಿಯಾಚೆಯಿಂದ ನನ್ನನ್ನು ಕರೆಯುವುದು, ನಾನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಓಡುವುದು. "ನಿಮಗ ಹುಲ್ಲು ಕತ್ತರಸೂದು ತಪ್ಪಿದ್ರ ಸಾಕ್ರಿ" ಎಂದು ಹೆಂಡತಿ ಅನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಆ ಕಥೆಯೂ ಓಡಿಹೋಗಿ ಕೇಳುವ ಹಾಗೇ ಇತ್ತು. ಡೊರೊತಿಯ ಹಿರಿಯರು ಇಂಗ್ಲೆಂಡಿನಲ್ಲಿ ಉಣ್ಣೆಬಟ್ಟೆಯ ವ್ಯಾಪಾರಿಗಳು. ಹಡಗುಗಟ್ಟಲೆ ಬಟ್ಟೆ ಕಳಿಸಿ ಸಿರಿವಂತರಾದರು, ಜಮೀನು ಕೊಂಡರು, ಕಲ್ಲಿನ ದೊಡ್ಡ ಮನೆ ಕಟ್ಟಿದರು. ಆಮೇಲೆ ವ್ಯಾಪಾರಿಗಳೆಂದು ಕರೆಸಿಕೊಳ್ಳಲು ನಾಚಿಕೆಪಡುವಷ್ಟು ದೊಡ್ಡ ಮನುಷ್ಯರಾದರು. ಅಲ್ಲಿ ಆಸ್ತಿಯೆಲ್ಲ ಹಿರಿಮಗನಿಗೆ ಹೋಗುತ್ತಿತ್ತಂತೆ. ಹಾಗಾಗಿ ಥಾಮಸ್ ಎಂಬ ಕಿರಿಮಗ ಸಮುದ್ರ ದಾಟಿ ಬಂದು ಟೆಕ್ಸಸ್ಸಿನ ಬ್ರಾಜೋಸ್ ನದಿಯ ಪಕ್ಕದಲ್ಲಿ ಹತ್ತಿಯ ಹೊಲ ಮಾಡಿದ. ಡೊರೊತಿ ಅವನ ಮರಿಮಗನ ಮಗಳು. ಊಟದ ಮೇಜಿಗಿಂತಲೂ ಉದ್ದವಾದ ಕಾಗದದ ಮೇಲೆ ಇವರೆಲ್ಲರನ್ನೂ ಗೆರೆ ಎಳೆದು ಜೋಡಿಸಿದ್ದಳು. ಎಷ್ಟೋ ತಲೆಮಾರು ಒಂದೇ ಕಡೆ ಹರಡಿಕೊಂಡಿರುವುದನ್ನು ನೋಡುತ್ತ, ಮುತ್ತಜ್ಜನ ಆಚೆಗೆ ಏನೂ ನೆನಪಿಲ್ಲದ ನಾನು ಬಾಯಿ ತೆರೆದು ನಿಲ್ಲುತ್ತಿದ್ದೆ.

ಕೊನೆಗೆ ಆಕೆ ಈಗಿನ ಕಾಲದ ಎಂಜಲಿನ ಪರೀಕ್ಷೆಯನ್ನೂ ಮಾಡಿಸಿದಳು. ರಕ್ತಸಂಬಂಧಿಗಳನ್ನು ಅದು ಹುಡುಕಿಕೊಡುತ್ತದೆ. ಸಿಕ್ಕವರು ಹ್ಯೂಸ್ಟನ್ನಿನ ಲೊರೇನ್ ಎಂಬ ಕರಿಯ ಹೆಂಗಸು, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಊಟಕ್ಕೆ ಬನ್ನಿ ಎಂದು ಅವರೇ ಕರೆದರು. ಹತ್ತಿಯ ಹೊಲ, ಗುಲಾಮರಿದ್ದ ಹಳೆಯ ಟೆಕ್ಸಸ್ಸು, ಕರಿಯರೊಡನೆ ರಕ್ತಸಂಬಂಧ ಎಂದರೆ ಏನೆಂದು ಡೊರೊತಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋಗುವುದೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದಳು. ಕೊನೆಗೊಂದು ಬೆಳಿಗ್ಗೆ ಆ ಕಾಗದದ ಸುರುಳಿ ಹಿಡಿದು ನಮ್ಮ ಬಾಗಿಲಿಗೆ ಬಂದು, ಹ್ಯೂಸ್ಟನ್ನಿಗೆ ನೀನು ಡ್ರೈವ್ ಮಾಡುತ್ತೀಯಾ ಎಂದು ಕೇಳಿದಳು.

ಲೊರೇನ್ ಅವರ ಹಿತ್ತಲಿನಲ್ಲಿ ದೊಡ್ಡದೊಂದು ಪೆಕಾನ್ ಮರ. ಅದರ ಕೆಳಗೇ ಊಟ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದಾಗ ಅವರು ಗದರದೆ, ಗೊಣಗದೆ ಒಳಗೆ ಹೋಗಿ ಅಲಸಂದೆ ಕಾಳಿನ ಪಲ್ಯ ತಂದಿಟ್ಟರು. ಊಟ ಮುಗಿಯಿತು. ಡೊರೊತಿ ಸುರುಳಿ ಬಿಚ್ಚಿದಳು. ಲೊರೇನ್ ಕನ್ನಡಕ ಹಾಕಿಕೊಂಡು, ಒಂದು ಹೆಸರನ್ನೂ ಬಿಡದೆ, ಮರ್ಯಾದೆಯಿಂದ ಓದಿದರು. ಆಮೇಲೆ, "ಚೆನ್ನಾಗಿದೆ. ಈಗ ನಮ್ಮದನ್ನು ಕೇಳಿ" ಎಂದು ಎದ್ದು ನಿಂತರು.

ಕೈಯಲ್ಲಿ ಏನೂ ಇರಲಿಲ್ಲ. ಕಣ್ಣು ಮುಚ್ಚಿ, "ಹ್ಯಾನಾ" ಎಂದರು. ಹ್ಯಾನಾಳ ಮಗಳು ರೂತ್. ರೂತಳನ್ನು ಕೊಂಡವನು ಥಾಮಸ್. ರೂತಳ ಮಗ ಐಸಾಕ್, ಅವನಿಗೆ ತಂದೆಯೂ ಅದೇ ಥಾಮಸ್. ಐಸಾಕನ ಮಕ್ಕಳು, ಅವರನ್ನು ಮದುವೆಯಾದವರು, ಮಾರಿಹೋದವರು, ಹಸುಳೆಗಳಾಗಿದ್ದಾಗಲೇ ತೀರಿಹೋದವರು, ಹೀಗೆ ಹೆಸರಿನ ಹಿಂದೆ ಹೆಸರು ಬಂದವು. ನಮ್ಮ ಗದಗಿನ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತು ಏರಿ ಬಂದು ಕಟ್ಟೆಯ ಮೇಲೆ ಕೂತು ವಂಶಾವಳಿ ಹೇಳುತ್ತಿದ್ದರು. ನಮ್ಮ ಅಪ್ಪ ರುಮಾಲು ಸರಿಮಾಡಿಕೊಂಡು ಕೇಳುತ್ತಿದ್ದ. ಅಂದು ಮೈಯಲ್ಲಿ ಎದ್ದ ನವಿರು ಅರವತ್ತು ವರ್ಷದ ಮೇಲೆ ಹ್ಯೂಸ್ಟನ್ನಿನಲ್ಲಿ ಮತ್ತೆ ಎದ್ದಿತು. ಆದರೆ ನಮ್ಮ ಹೆಳವ ಹೇಳಿದ್ದು ಊರ ಗೌಡರಾದ ನಮ್ಮ ವಂಶ. ಇಲ್ಲಿ, ಓದುಬರಹ ಕಲಿಯಲೂ ಒಡೆಯರು ಬಿಡದಿದ್ದ ಜನ ತಮ್ಮವರನ್ನು ನಾಲಿಗೆಯ ಮೇಲೆ ಉಳಿಸಿಕೊಂಡು ಬಂದಿದ್ದರು. ಕುರ್ಚಿಯಲ್ಲಿ ಕೂತಿರಲಾರದೆ ನಾನೂ ಎದ್ದು ನಿಂತೆ.

ಡೊರೊತಿ ಕ್ಷಮೆ ಕೇಳಲೆಂದು ಬಾಯಿ ತೆರೆದಳು. ಲೊರೇನ್ ಕೈಯೆತ್ತಿ ತಡೆದರು.

"ಅದಕ್ಕಾಗಿ ನಿಮ್ಮನ್ನು ಕರೆಯಲಿಲ್ಲ. ನಿಮ್ಮ ಕಾಗದದಲ್ಲಿ ರೂತ್ ಇಲ್ಲ. ಇರಬೇಕು, ಅಷ್ಟೇ."

"ಹಾಗಾದರೆ ಇನ್ನೊಮ್ಮೆ ಹೇಳುತ್ತೀರಾ? ನಿಧಾನವಾಗಿ" ಎಂದಳು ಡೊರೊತಿ.

ಡೊರೊತಿ ಬರೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಪೆನ್ನು ಮುಟ್ಟಲಿಲ್ಲ. ಶಾಲೆಯ ಮಗುವಿನ ಹಾಗೆ ಒಂದೊಂದೇ ಹೆಸರನ್ನು ಅವರ ಹಿಂದೆ ಹೇಳುತ್ತ ಹೋದಳು. ತಪ್ಪಿದಲ್ಲಿ ಲೊರೇನ್ ತಿದ್ದಿದರು. ಐಸಾಕನ ಹೆಸರು ಬಂದಾಗ ಮಾತ್ರ ಇಬ್ಬರ ದನಿಯೂ ಒಂದೇ ಸಲ ಹೊರಟಿತು. ಎಷ್ಟೆಂದರೂ ಅವನೂ ಥಾಮಸನ ಮಗ, ಡೊರೊತಿಯ ಮುತ್ತಜ್ಜನ ಅಣ್ಣ.

ವಾಪಸು ಬರುವಾಗ, ಕಾರು ಆಸ್ಟಿನ್ ಹತ್ತಿರ ಬಂದಾಗ, ಡೊರೊತಿ ಹೊರಗೆ ನೋಡುತ್ತಲೇ, "ನನ್ನ ಅಜ್ಜಿಗೆ ಇದು ಗೊತ್ತಿತ್ತು ಅನಿಸುತ್ತದೆ" ಎಂದಳು. ಈಗ ಆಕೆ ಹ್ಯೂಸ್ಟನ್ನಿಗೆ ಹೋದರೆ ಲೊರೇನ್ ಅವರ ಮನೆಯಲ್ಲೇ ಇಳಿದುಕೊಳ್ಳುತ್ತಾಳೆ.

ಇಷ್ಟನ್ನೆಲ್ಲ ನೆನೆಯುತ್ತ ಕೂತವನಿಗೆ ಮೊನ್ನೆಯೇ ಮೊದಲ ಬಾರಿಗೆ ಒಂದು ವಿಷಯ ಹೊಳೆಯಿತು. ನಮ್ಮ ಹೆಳವ ಹೇಳುತ್ತಿದ್ದ ವಂಶದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಗದಗಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಅವ್ವನ ಹಿಂದಿನವರು ಯಾರು ಎಂದು ಕೇಳಿದೆ.

"ಅವ್ವನ ಅವ್ವ ನೀಲವ್ವ. ಆಕಿ ಅವ್ವ ಗುರವ್ವ. ಅದರ ಮ್ಯಾಲ ನನಗೂ ಗೊತ್ತಿಲ್ಲೋ ತಮ್ಮಾ. ಇದನ್ನ ಕೇಳಿದಾಂವ ನೀನ ಮೊದಲು."

ನೀಲವ್ವ, ಗುರವ್ವ ಎಂದು ನಾನು ಗಟ್ಟಿಯಾಗಿ ಹೇಳಿಕೊಂಡೆ. ಹೆಂಡತಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಯಾರೂ ಕೇಳದೆಯೇ ತನ್ನ ಅಜ್ಜಿಯ ಅವ್ವನ ಹೆಸರು ಹೇಳಿದಳು. ನಲವತ್ತು ವರ್ಷ ಸಂಸಾರ ಮಾಡಿದ ನನ್ನ ಕಿವಿಗೆ ಆ ಹೆಸರು ಬಿದ್ದದ್ದು ಅಂದೇ.