ಗೋಮಾಳಕ್ಕೆ ಬಂದ ಬೇಲಿ

ನನ್ನ ಸೋದರಮಾವನಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇರಲಿಲ್ಲ. ಮರಳವಾಡಿ ಕಡೆಯ ಬೆಟ್ಟದ ಬುಡದಲ್ಲಿ ಜೀವಮಾನವೆಲ್ಲ ಕುರಿ ಕಾಯ್ದವನಿಗೆ ಮೆಲುದನಿ ಎಲ್ಲಿಂದ ಬರಬೇಕು? ಅವನು ನಾಲಿಗೆ ಮಡಚಿ ಒಂದು ಸಲ ‘ಹ್ರ್ರ್ರೋ’ ಎಂದರೆ ಗೋಮಾಳದ ಆ ತುದಿಯಲ್ಲಿದ್ದ ಕುರಿಯೂ ತಲೆಯೆತ್ತಿ ಓಡಿಬರುತ್ತಿತ್ತು. ಅತ್ತೆ ಕೂಗಿದರೆ ಒಂದೂ ಬರುತ್ತಿರಲಿಲ್ಲ. “ನಿಮ್ಮಪ್ಪನ ಮನೆಯಿಂದ ತಂದಿದ್ರೆ ಬತ್ತಿದ್ವು” ಎಂದು ಮಾವ ಅವಳನ್ನು ಕಾಡಿಸುತ್ತಿದ್ದ.

ಬೆಟ್ಟವೂ ಸೇರಿದ ಆ ಗೋಮಾಳ ಹೆಸರಿಗೆ ಸರ್ಕಾರದ್ದು, ಬಳಕೆಗೆ ಊರಿನದು. ಕುರಿ ಹಗಲು ಅಲ್ಲಿ ಮೇಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಒಕ್ಕಲು ಮನೆಯವರು ಕರೆದು ತಮ್ಮ ರಾಗಿ ಹೊಲಗಳಲ್ಲಿ ರಾತ್ರಿ ಕೂರಿಸಿಕೊಳ್ಳುತ್ತಿದ್ದರು. ಅವರ ಹೊಲಕ್ಕೆ ಗೊಬ್ಬರವಾಯಿತು, ಮಾವನ ಮನೆಗೆ ರಾಗಿಯಾಯಿತು. ತಾಯಿಯನ್ನು ಕಳೆದುಕೊಂಡ ನಾನು ಬೆಳೆದದ್ದು ಆ ರಾಗಿಯ ಮುದ್ದೆ ತಿಂದೇ.

ಕೆಲವು ವರ್ಷಗಳ ಹಿಂದೆ ಬೆಟ್ಟದ ಮೇಲೆ ಕಲ್ಲು ಕ್ವಾರಿಯವರ ಕಣ್ಣು ಬಿತ್ತು. ಊರಿಗೆ ಊರೇ ಎದ್ದು ನಿಂತಿತು, ಎಲ್ಲರಿಗಿಂತ ಮುಂದೆ ಮಾವ. ಆಗ ಯಾರೋ ತಿಳಿದವರು ಒಂದು ಉಪಾಯ ಹೇಳಿದರು. ಗೋಮಾಳದಲ್ಲಿ ಹಸಿರು ವನ ಮಾಡಿಕೊಡಿ ಎಂದು ನೀವೇ ಕೇಳಿ. ಒಮ್ಮೆ ರಾಜ್ಯ ಬಜೆಟ್ಟಿನ ಪರಿಸರ ಸಂರಕ್ಷಣೆ ಯೋಜನೆಗೆ ಸೇರಿತೆಂದರೆ ಕ್ವಾರಿಯವರು ಇತ್ತ ತಲೆ ಹಾಕುವುದಿಲ್ಲ ಎಂದರು. ಉಪಾಯ ಸರಿಯಾಗಿಯೇ ಇತ್ತು, ಅದೇ ನನ್ನ ಸಂಕಟ. ಮಾವ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ.

ಬಜೆಟ್ ಓದಿದ ದಿನ ನಾನು ಕನಕಪುರದಿಂದ ಅಲ್ಲಿಗೆ ಹೋಗಿದ್ದೆ. ಟೀವಿಯ ಮುಂದೆ ಕೂತ ಮಾವ ಯಾರಿಗೂ ಉಸಿರೆತ್ತಲು ಬಿಡಲಿಲ್ಲ. “ಸುಮ್ಕಿರ್ರೋ, ನಮ್ದು ಬತ್ತದೆ!” ನಮ್ಮೂರ ಹೆಸರೇನೂ ಬರಲಿಲ್ಲ, ಬರುವಂಥ ಊರೂ ಅಲ್ಲ. ಗೋಮಾಳಗಳಲ್ಲಿ ಮರ ಬೆಳೆಸುವ ವಿಷಯ ಒಂದು ಉಸಿರಿನಲ್ಲಿ ಬಂದುಹೋಯಿತು. ಆಮೇಲೆ ಸದನದಲ್ಲಿ ಬಜೆಟ್ಟಿನ ಮಸೂದೆಗೆ ಒಪ್ಪಿಗೆಯಾಗಿ, ಯೋಜನೆಯಲ್ಲಿ ನಮ್ಮೂರೂ ಸೇರಿದೆ ಎಂದು ತಿಳಿದಾಗ ಮಾವ ಫೋನ್ ಮಾಡಿದ. “ಪಾಸಾಗೋಯ್ತು ಕಣವ್ವ! ಇನ್ನ ಆ ಬೆಟ್ಟಾನ ಯಾವನೂ ಮುಟ್ಟಂಗಿಲ್ಲ!” ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ನಗುತ್ತ ಕೇಳಿಸಿಕೊಂಡೆ.

ಕೆಲಸ ಶುರುವಾಗುವ ಹೊತ್ತಿಗೆ ಮುಂದಿನ ಸುಗ್ಗಿ ಕಳೆದಿತ್ತು. ನಮ್ಮ ಕಡೆ ಊರಿಗೆ ಒಳ್ಳೆಯದಾದರೆ ಬಾಡೂಟ ಆಗಲೇಬೇಕು. ಗುದ್ದಲಿ ಪೂಜೆಗೆ ಮಾವ ತನ್ನ ಮಂದೆಯ ದೊಡ್ಡ ಟಗರನ್ನೇ ಕೊಟ್ಟ. ಮರಿಯಿದ್ದಾಗ ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ ಟಗರು ಅದು. ಅವಳು ಅಂದು ಊಟಕ್ಕೆ ಕೂರಲಿಲ್ಲ. ಕಂಬ ನೆಡುವ ಮೊದಲ ಗುಂಡಿಯ ಮುಂದೆ ತೆಂಗಿನಕಾಯಿ ಒಡೆದವನೂ ಮಾವನೇ.

ಅದು ಬೇಲಿಯ ಕಂಬ ಎಂದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಬೇಲಿ ಕ್ವಾರಿಯವರಿಗೆ ಎಂದುಕೊಂಡೆವು. ಕುರಿಗೂ ಅದೇ ಬೇಲಿ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮೂರಿನವರಿಗೆ ಗೋಮಾಳ ಉಳಿಸುವುದೆಂದರೆ ಹುಲ್ಲು ಉಳಿಸುವುದು, ಹುಲ್ಲು ಉಳಿಸುವುದೆಂದರೆ ಕುರಿ ಉಳಿಸುವುದು. ಬೇರೆ ಲೆಕ್ಕವೂ ಇರುತ್ತದೆ ಎಂದು ಯಾರು ಕಂಡಿದ್ದರು?

ಬೇಲಿಯ ಗೇಟಿಗೆ ಬೀಗ ಬಿದ್ದ ಮೇಲೆ ಮಾವ ಯೋಜನೆಯ ಅಧಿಕಾರಿಯ ಬಳಿ ಹೋದ. ನಾನೂ ಜೊತೆಗಿದ್ದೆ. “ಕುರಿಗೆ ಒಸಿ ದಾರಿ ಬುಡಿ ಸ್ವಾಮಿ, ಸಾಕು” ಎಂದ. ಅಧಿಕಾರಿ ಕೆಟ್ಟವರೇನಲ್ಲ, ಕೂರಿಸಿ ಕಾಫಿ ಕೊಡಿಸಿದರು. “ಇದು ಸಸಿ ಉಳಿಸೋಕೆ ಬಂದಿರೋ ಅನುದಾನ. ಮೇಯೋಕೆ ಬಿಟ್ಟರೆ ಷರತ್ತು ಮುರಿದ ಹಾಗೆ. ನೀವೇ ಕೇಳಿ ತರಿಸಿಕೊಂಡಿದ್ದಲ್ಲವಾ ಯಜಮಾನ್ರೇ?” ಮಾವ ಅರ್ಧ ಕುಡಿದ ಕಾಫಿಯನ್ನು ಮೇಜಿನ ಮೇಲಿಟ್ಟು, ಕೈಮುಗಿದು ಎದ್ದ.

ಸಸಿಗಳಾದರೂ ಬದುಕಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ವರ್ಷದ ಹಣ ವರ್ಷದೊಳಗೇ ಮುಗಿಯಬೇಕಂತೆ, ಹಾಗಾಗಿ ನೆಟ್ಟದ್ದು ಮಾರ್ಚ್ ತಿಂಗಳಲ್ಲಿ, ನೆಲ ಹೆಂಚಿನಂತೆ ಕಾದಾಗ. ಹಿತ್ತಲಿಗೆ ಒಂದು ಕರಿಬೇವಿನ ಗಿಡ ಹಾಕಲೂ ಯಾರೂ ಆ ತಿಂಗಳನ್ನು ಆರಿಸುವುದಿಲ್ಲ. ಹೆಚ್ಚಿನವು ಯುಗಾದಿಯ ಹೊತ್ತಿಗೇ ಒಣಗಿದವು. ನನಗೆ ಮೈಯೆಲ್ಲ ಉರಿದುಹೋಯಿತು, ಈಗಲೂ ಉರಿಯುತ್ತದೆ.

ಮಾವ ಒಂದಷ್ಟು ದಿನ ರಸ್ತೆ ಬದಿ, ಕೆರೆ ಅಂಗಳ ಎಂದು ಕುರಿ ಅಟ್ಟಿಕೊಂಡು ತಿರುಗಿದ. ಕೊನೆಗೆ ಇಡೀ ಮಂದೆಯನ್ನು ಪಕ್ಕದೂರಿನವನಿಗೆ ಮಾರಿದ. ಅಷ್ಟರಲ್ಲಿ ವನಕ್ಕೆ ಒಬ್ಬ ಕಾವಲುಗಾರ ಬೇಕೆಂದು ಊರಿಗೆ ಹೇಳಿಕಳಿಸಿದರು. ಮಾವನೇ ಒಪ್ಪಿಕೊಂಡ. ಅತ್ತೆ ಸುಮ್ಮನಿರಲಿಲ್ಲ. “ಕುರಿ ಕಾಯಾಕೆ ತೋಳನ್ನ ಇಟ್ರಂತೆ ಅಂತ ಕೇಳಿದ್ದೆ. ಕುರಿ ಓಡ್ಸಾಕೆ ಕುರಿ ಕಾಯೋನ್ನೇ ಇಟ್ಟಿದ್ದು ಈಗ್ಲೇ ನೋಡಿದ್ದು.” ಮಾವ, “ಹುಲ್ಲಾದ್ರೂ ನೋಡ್ಕಂಡಿರ್ತೀನಿ ಬುಡು” ಎಂದಷ್ಟೇ ಹೇಳಿದ.

ಹೋದ ವರ್ಷ ಒಂದು ಮಧ್ಯಾಹ್ನ ಅವನಿಗೆ ಬುತ್ತಿ ಒಯ್ದಿದ್ದೆ. ಬೇಲಿಯಾಚೆ ರಸ್ತೆಯಲ್ಲಿ ಒಂದು ಮಂದೆ ಬಂತು. ಎರಡು ಕುರಿ ತಂತಿಯಡಿ ನುಸುಳಲು ತಲೆ ತೂರಿಸಿದವು. ಮಾವ ಎದ್ದು ಕೋಲು ಎತ್ತಿದ, ಗದರಲು ಬಾಯಿ ತೆರೆದ. ಬಾಯಿಂದ ಬಂದದ್ದು ಮಾತ್ರ ಹಳೆಯ ‘ಹ್ರ್ರ್ರೋ’. ಅಷ್ಟೂ ಕುರಿಗಳು ತಲೆಯೆತ್ತಿ, ಬೇಲಿಗೆ ನುಗ್ಗಿ, ತಂತಿಯ ಸಂದಿನಿಂದ ಮೂತಿ ತೂರಿಸಿ ಅವನ ಕಾಲು ಮೂಸತೊಡಗಿದವು. ಎತ್ತಿದ ಕೋಲನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹಿಂದಿನಿಂದ ಓಡಿಬಂದ ಪಕ್ಕದೂರಿನವನು ಬೇಸರದಿಂದ, “ನೀವು ಕೂಗ್ಬ್ಯಾಡಿ ಯಜಮಾನ್ರೇ! ನೀವು ಬಾಯ್ ಬುಟ್ರೆ ಇವು ನನ್ ಮಾತು ಕೇಳಾಕಿಲ್ಲ” ಎಂದ.

ಕ್ವಾರಿ ಬರಲಿಲ್ಲ. ಬೆಟ್ಟ ಇದ್ದಲ್ಲೇ ಇದೆ. ಮಾವ ಗೆದ್ದ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಆದರೂ ಸಮಾಧಾನವಾಗುವುದಿಲ್ಲ. ಮೊನ್ನೆ ಹೋದಾಗಲೂ ಆ ಕುರಿಗಳು ರಸ್ತೆಯಲ್ಲಿ ಬಂದವು. ಮಾವ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿ ಹಿಡಿದು, ಅವು ತಿರುವು ದಾಟುವವರೆಗೂ ಸದ್ದಿಲ್ಲದೆ ಕೂತಿದ್ದ.