ಬೀಗರು ಬಿದ್ರು!

ಶರಣಮ್ಮ ಸಿಸ್ಟರ್ ಬಾಯಿ ತೆಗೆದರೆ ಕಲ್ಲು ಹೇರಿಕೊಂಡ ಲಾರಿ ಏರು ಹತ್ತಿದ ಸದ್ದು. ಊರೂ ಕಲ್ಲುಗುಡ್ಡಗಳ ಕುರುಗೋಡೇ. ಬಳ್ಳಾರಿಯ ನಮ್ಮ ಆಸ್ಪತ್ರೆಯಲ್ಲಿ ಆ ದನಿಯನ್ನು ಅಣಕಿಸಿ ಎಲ್ಲರನ್ನೂ ನಗಿಸುವುದು ನನ್ನ ಉದ್ಯೋಗ. ಸಂಬಳ ಮಾತ್ರ ನರ್ಸ್ ಕೆಲಸಕ್ಕೆ.

ಊಟವಾಗಿ ಕಣ್ಣೆಳೆಯುವ ಹೊತ್ತಿಗೇ ಅವರು ಅಭ್ಯಾಸಕ್ಕೆಂದು ಖಾಲಿ ಮಂಚದ ಮೇಲೆ ರಬ್ಬರ್ ಬೊಂಬೆ ಮಲಗಿಸಿ ಕೂಗುತ್ತಿದ್ದರು: "ಬೀಗರು ಬಿದ್ರೂ!" ರೋಗಿಯ ಎದೆಬಡಿತ ನಿಂತರೆ ನಾವೆಲ್ಲ ಓಡಿಬರಲು ಅವರಿಟ್ಟ ಸಂಕೇತ ಅದು. ಒಬ್ಬರು ಬೆನ್ನಡಿ ಹಲಗೆ ತಳ್ಳಬೇಕು, ಒಬ್ಬರು ಎದೆ ಒತ್ತಬೇಕು, ಇನ್ನೊಬ್ಬರು ಶಾಕ್ ಕೊಡುವ ಮಷೀನು ತರಬೇಕು.

"ಬೀಗರೇ ಯಾಕ್ರೀ ಅಕ್ಕಾ?" ಎಂದೆ.

"ಮನಿಯವರು ಬಿದ್ರ ಅಳಕೋತ ನಿಲ್ತೀರಿ. ಬೀಗರು ಬಿದ್ರ ಮರ್ಯಾದಿ ಪ್ರಶ್ನೆ, ಓಡ್ತೀರಿ. ರೊಟ್ಟಿ ಬಡದಂಗ ಬಡೀಬ್ಯಾಡಲೇ, ಒತ್ತು!"

ಒಮ್ಮೆ ಹಾಗೆ ಕೂಗಿದಾಗ, ವಾರ್ಡಿನಲ್ಲಿದ್ದ ತಮ್ಮ ಬೀಗರನ್ನು ನೋಡಲು ಹಚ್ಚೊಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಗಾಬರಿಯಾಗಿ, "ನಾ ಬಿದ್ದಿಲ್ಲಬೇ ಯವ್ವಾ, ಇಲ್ಲೇ ಕುಂತೀನಿ!" ಎಂದರು.

ಸಿಸ್ಟರ್ ನಗಲಿಲ್ಲ. "ಬೀಳಬ್ಯಾಡ್ರಿ. ಈ ಹುಡುಗ್ರು ಇನ್ನಾ ಕಲ್ತಿಲ್ಲ."

ಕಳೆದ ಬೇಸಿಗೆಯಲ್ಲಿ ಅವರ ಗಂಟಲು ಕಟ್ಟಿತು. ಆಗಲೇ, ರಾರಾವಿಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬರು ಮಗಳ ಜೊತೆ ಮಾತಾಡುತ್ತಲೇ ಒರಗಿದರು. ಸಿಸ್ಟರ್ ಎದೆ ಒತ್ತುತ್ತಾ ಬಾಯಿ ತೆರೆದರು; ಗಾಳಿಯಷ್ಟೇ ಬಂತು. ನನ್ನತ್ತ ನೋಡಿದರು. ಅವರ ದನಿಯಲ್ಲಿ ನಾನು ಕೂಗಿದೆ: "ಬೀಗರು ಬಿದ್ರೂ!"

ಯಾರೂ ನಗಲಿಲ್ಲ. ಹಲಗೆ ಬಂತು, ಮಷೀನು ಬಂತು, ಡಾಕ್ಟರು ಬಂದರು. ತೋಳು ಸೋಲುವವರೆಗೂ ಸರದಿಯ ಮೇಲೆ ಒತ್ತಿದೆವು. ಆ ಮನುಷ್ಯ ಮರಳಲಿಲ್ಲ.

ಮಗಳ ಅಳು ಇಳಿಯುವವರೆಗೂ ಸಿಸ್ಟರ್ ಅವಳ ಬೆನ್ನು ಸವರಿದರು. ಆಮೇಲೆ ಹಲಗೆ ಒರೆಸಿ ಜಾಗಕ್ಕಿಟ್ಟು ಬೊಂಬೆ ತೆಗೆದರು.

"ಇವತ್ತರೆ ಬಿಡ್ರೀ ಅಕ್ಕಾ," ಎಂದೆ.

"ನಾಳಿ ಬೀಳಾವ್ರಿಗೆ ನಮ್ಮ ಸುಸ್ತು ಗೊತ್ತಿರ್ತೈತೇನು?" ಎಂದರು ಪಿಸುದನಿಯಲ್ಲಿ. "ನೀನ ಕೂಗು, ಲೇ."

ಈಗ ಅವರು ನಿವೃತ್ತರಾಗಿ ಸಿರುಗುಪ್ಪದಲ್ಲಿ ತಂಗಿಯ ಜೊತೆ ಇದ್ದಾರೆ. ರೋಗಿಯ ಎದೆಬಡಿತ ನಿಂತರೆ ಸಾರಲು ನಮ್ಮಲ್ಲಿಗೆ ಹೊಸ ಮೈಕು ಬಂದಿದೆ. ಅದು ಇಂಗ್ಲಿಷಿನಲ್ಲಿ ಮೆತ್ತಗೆ ಏನೋ ಹೇಳಿದಾಗ ಎಲ್ಲರೂ ತಲೆಯೆತ್ತಿ ಅದನ್ನೇ ನೋಡುತ್ತಾರೆ; ನಾನು ಕೂಗಿದ ಮೇಲೆ ಓಡುತ್ತಾರೆ. ಹೊಸಬರು ಶರಣಮ್ಮ ಸಿಸ್ಟರನ್ನು ಕಂಡವರಲ್ಲ. ಆ ಲಾರಿಯ ದನಿ ನನ್ನದೇ ಎಂದುಕೊಂಡು, ಊಟದ ಹೊತ್ತಿನಲ್ಲಿ ನನ್ನನ್ನೇ ಅಣಕಿಸುತ್ತಾರೆ. ಒಬ್ಬಳು ಚೆನ್ನಾಗಿ ಮಾಡುತ್ತಾಳೆ. ಬೈಯದೆ ಬಿಟ್ಟಿದ್ದೇನೆ, ನನ್ನ ಗಂಟಲೂ ಒಂದು ದಿನ ಕಟ್ಟುತ್ತದೆ.