ಎಡಗೈಯ ಮೊಗ್ಗಿನ ಜಡೆ

ಮೊನ್ನೆ ನನ್ನ ಮೊಮ್ಮಗಳು ಎಡಗೈಯಲ್ಲಿ ಹೂ ಕಟ್ಟಿದಳು. ನನ್ನ ಹಾಗೇ! ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಇದಕ್ಕೇಕೆ ಇಷ್ಟು ಕುಣಿತ ಎಂದು ಮಗ ನಕ್ಕ. ಅವನಿಗೇನು ಗೊತ್ತು, ಅದೆಲ್ಲ ನಡೆದಾಗ ಅವನಿನ್ನೂ ನನ್ನ ಹೊಟ್ಟೆಯಲ್ಲಿದ್ದ.

ಎಡಗೈಯಲ್ಲಿ ಕಟ್ಟಿದ ಹೂವನ್ನು ನಮ್ಮ ತವರಿನಲ್ಲಿ ದೇವರಿಗೆ ಏರಿಸುತ್ತಿರಲಿಲ್ಲ. ಅಕ್ಕ ಕಟ್ಟಿದ್ದು ದೇವರ ಪಟಕ್ಕೆ, ನಾನು ಕಟ್ಟಿದ್ದು ತಲೆಗೆ. ಶಾಲೆಯನ್ನು ಎರಡನೇ ಕ್ಲಾಸಿಗೇ ಬಿಟ್ಟವಳು ನಾನು. ನನಗೆ ಬರುತ್ತಿದ್ದುದು ಇದೊಂದೇ, ಅದೂ ದೇವರಿಗೆ ಬೇಡ.

ಎಪ್ಪತ್ತರ ದಶಕದ ಮಾತು. ಯುಗಾದಿಯ ಹೊತ್ತಿಗೆ ಚಿತ್ರದುರ್ಗದಲ್ಲಿ ವರ್ಷವರ್ಷವೂ ಹೂವಿನ ಪ್ರದರ್ಶನ ನಡೆಯುತ್ತಿತ್ತು. ಹೊಳಲ್ಕೆರೆಗೆ ಮದುವೆಯಾಗಿ ಹೋಗಿದ್ದ ಅಕ್ಕ ಹಿಂದಿನ ದಿನವೇ ಮದಕರಿಪುರದ ನಮ್ಮ ಮನೆಗೆ ಬಂದಳು.

“ಈ ಸಲ ಮೊಗ್ಗಿನ ಜಡೆಗೂ ಬಹುಮಾನ ಐತಂತೆ ಕಣೇ. ನೀನು ಕಟ್ಟು, ಚೀಟಿ ಬರ್ಸೋದು ನಾನು ನೋಡ್ಕಂತೀನಿ.”

ಬೆಳಿಗ್ಗೆ ಬೇಗ ಎದ್ದು ಬಾಳೆಪಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಹೊಲಿದೆ, ನಡುನಡುವೆ ಕನಕಾಂಬರ. ಸಾಲುಗಳೆಲ್ಲ ಎಡಕ್ಕೆ ವಾಲಿದ್ದವು. ನನ್ನ ಕೈಯದ್ದು ಹಾಗೆಯೇ. ಒದ್ದೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕುಳಿತೆ.

ಪ್ರದರ್ಶನದ ಬಾಗಿಲಲ್ಲಿ ಅಕ್ಕ ಬುಟ್ಟಿ ಇಸಿದುಕೊಂಡಳು. “ಬಸುರಿ ನೀನು, ಈ ನೂಕಾಟದಾಗೆ ಬರ್ಬ್ಯಾಡ. ಹೂವು ನೋಡ್ಕಂಡಿರು.”

ನೋಡಿದೆ. ಕುಂಡಗಳ ತುಂಬ ಡೇರೆ, ಗುಲಾಬಿ. ಊಟದ ತಟ್ಟೆಯಷ್ಟು ಅಗಲದ ಹೂವುಗಳು. ಮಧ್ಯಾಹ್ನ ಜಡೆಗಳ ಸಾಲಿಗೆ ಹೋದರೆ ನನ್ನದರ ಮುಂದೆ ಕೆಂಪು ರಿಬ್ಬನ್ನು! ಮೊದಲನೇ ಬಹುಮಾನ. ಕಣ್ಣು ತುಂಬಿ ಬಂತು. ಚೀಟಿಯಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೋ ಎಂಬ ಆಸೆ. ಓದಲು ಬಾರದು, ಹೆಸರು ಕೇಳಲು ನಾಚಿಕೆ; ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ, “ಊರು ಯಾವ್ದು ಅಂತ ಬರ್ದೈತ್ರವ್ವ?”

“ಹೊಳಲ್ಕೆರೆ,” ಎಂದರು ಅವರು. ಅಕ್ಕನ ಊರು.

ಅಷ್ಟರಲ್ಲಿ ತೀರ್ಪುಗಾರ್ತಿ ಅಕ್ಕನಿಗೆ ಸೂಜಿ, ಮೊಗ್ಗು ಕೊಟ್ಟು, “ಒಂದು ಸಾಲು ಹೊಲಿದು ತೋರಿಸ್ರಿ, ಎಲ್ಲರೂ ನೋಡಲಿ,” ಎಂದರು. ಅಕ್ಕ ಕೈ ಒರೆಸಿಕೊಂಡಳು. ಗುಂಪಿನಲ್ಲಿ ನನ್ನನ್ನು ಕಂಡಳು. ಮುಖ ಕಪ್ಪಿಡಲಿಲ್ಲ, ನಕ್ಕಳು!

“ನನ್ ತಂಗಿ ಹೊಲ್ದು ತೋರುಸ್ತಾಳೆ. ನನ್ನ ಕೈಯಾಗೇ ಕಲ್ತೋಳು.”

ಅಷ್ಟು ಜನರ ಮುಂದೆ ಒಂದು ಮಾತು ಆಡಬಹುದಿತ್ತು. ಸೂಜಿ ಇಸಿದುಕೊಂಡೆ. ಎಡಗೈಯಲ್ಲಿ ಹೊಲಿದು ತೋರಿಸಿದೆ. “ಎಂಥಾ ಚೆಂದ ಕಲಿಸಿದ್ದೀರಿ!” ಎಂದು ತೀರ್ಪುಗಾರ್ತಿ ಅಕ್ಕನ ಬೆನ್ನು ತಟ್ಟಿದರು.

ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ, “ಯಾಕಕ್ಕಾ ಹಿಂಗ್ ಮಾಡ್ದೆ?”

“ಲೇ, ಎಡಗೈಯೋಳು ಕಟ್ಟಿದ್ದು ಅಂದಿದ್ರೆ ಯಾರು ಕೊಡ್ತಿದ್ರು? ನಮ್ಮವ್ವನೇ ದೇವ್ರಿಗೆ ಇಡ್ತಿರ್ಲಿಲ್ಲ.”

ಆ ತೀರ್ಪುಗಾರ್ತಿ ಕಣ್ಣಾರೆ ಎಡಗೈ ನೋಡಿಯೇ ಮೆಚ್ಚಿದ್ದರು. ಅದನ್ನು ಹೇಳುವಷ್ಟರಲ್ಲಿ ಹೊಳಲ್ಕೆರೆ ಬಸ್ಸು ಬಂತು, ಅಕ್ಕ ಹತ್ತಿ ಕುಳಿತಳು. ಬಹುಮಾನದ ಸ್ಟೀಲ್ ಕೊಡ ಅವಳ ಮಡಿಲಲ್ಲಿತ್ತು.

ಆಮೇಲೆ ಅವಳ ಮಗಳ ಮದುವೆಗೆ ಹೋದೆ, ಊಟ ಮಾಡಿದೆ. ಜಡೆ ಮಾತ್ರ ಕಟ್ಟಿಕೊಡಲಿಲ್ಲ. ಸಿಟ್ಟು ಇಳಿದಿದೆ ಎಂದರೆ ಸುಳ್ಳು.

ಮೊಮ್ಮಗಳ ಆ ಮಾಲೆ ಮೊಳದಷ್ಟೂ ಇರಲಿಲ್ಲ, ಅರ್ಧ ಹೂವುಗಳು ಉದುರುತ್ತಿದ್ದವು. “ಮುಡ್ಕಳಜ್ಜಿ,” ಎಂದಿತು ಕೂಸು. ನಾನು ಮುಡಿಯಲಿಲ್ಲ. ಕುರ್ಚಿ ಎಳೆದು, ಹತ್ತಿ, ದೇವರ ಪಟಕ್ಕೆ ಏರಿಸಿದೆ.